ಹೆಂಡತಿಯ ಮೂಗು, ಬೆಲ್ಜಿಯಮ್ಮಿನ ಬಿಯರ್

ಕೊಪ್ಪಳ

ನನ್ನ ಮೂಗು ಕೈಕೊಟ್ಟಿದೆ ಎಂದು ಗೊತ್ತಾದದ್ದು ಬೆಲ್ಜಿಯಮ್ಮಿಗೆ ಹೊರಡುವ ವಾರ, ನಮ್ಮ ಅಡುಗೆಮನೆಯಲ್ಲಿ. ನೀಲಾ ಹಂಚಿನ ಮೇಲೆ ರೊಟ್ಟಿ ಹಾಕಿ, ಬಾಗಿಲಿಗೆ ಬಂದ ಹಾಲಿನವನ ಜೊತೆ ಮಾತಿಗೆ ನಿಂತಿದ್ದಳು. ನಾನು ಒಲೆಯ ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದೆ. ಅವಳು ಓಡಿಬಂದಾಗ ಮನೆ ತುಂಬ ಹೊಗೆ.

“ಏನ್ರಿ, ರೊಟ್ಟಿ ಹೊತ್ತಿ ಕರ್ರಗಾಗೇತಿ. ಬಾಜೂಕ ಕುಂತೀರಿ, ವಾಸನಿ ಬರವಲ್ದೇನು?”

ಬಂದಿರಲಿಲ್ಲ. ಎದ್ದು ಇಂಗಿನ ಡಬ್ಬಿ ತೆರೆದು ಮೂಸಿದೆ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದೆ. ಕೊನೆಗೆ ಬಚ್ಚಲಿಗೆ ಹೋಗಿ ಫಿನಾಯಿಲ್ ಬಾಟಲಿಯ ಮುಚ್ಚಳ ತೆಗೆದೆ. ಏನೂ ಇಲ್ಲ. ಹಿಂದಿನ ವಾರ ಬಂದು ಹೋದ ಶೀತ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಬೇರೆಯವರಿಗಾದರೆ ಇದು ನಾಲ್ಕು ದಿನದ ತಾಪತ್ರಯ. ನನಗೆ ಹಾಗಲ್ಲ. ನಾನು ಹೊಸಪೇಟೆಯ ಹೋಟೆಲೊಂದರಲ್ಲಿ ಬಿಯರ್ ತಯಾರಿಸುವವನು. ನಮ್ಮ ಬಳಗದವರು ಯಾರಾದರೂ ಕೇಳಿದರೆ ನೀಲಾ “ಹೋಟೆಲ್ನ್ಯಾಗ ಕೆಮಿಸ್ಟ್ ಅದಾರ” ಎನ್ನುತ್ತಾಳೆ, ಅದು ಸುಳ್ಳೂ ಅಲ್ಲ. ಹಂಪಿ, ಸಾಣಾಪುರ ನೋಡಲು ಬರುವ ಪ್ರವಾಸಿಗರಿಗೆಂದು ಹೋಟೆಲಿನ ಹಿತ್ತಿಲಲ್ಲಿ ನಾಲ್ಕು ಟ್ಯಾಂಕ್ ಕೂರಿಸಿದ್ದಾರೆ. ಅಲ್ಲಿ ನಾನು ಬಿಳಿಜೋಳವನ್ನು ಮೊಳಕೆ ಬರಿಸಿ, ಒಣಗಿಸಿ, ಆ ಮಾಲ್ಟಿನಿಂದ ಒಂದು ಬಿಯರ್ ಮಾಡುತ್ತೇನೆ. ಬಿಯರಿನಲ್ಲಿ ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಕಹಿ ಇಷ್ಟೇ. ಮಿಕ್ಕದ್ದೆಲ್ಲ ಮೂಗಿನ ಕೆಲಸ.

ಬೆಲ್ಜಿಯಮ್ಮಿನ ಲೀಸ್ ಎಂಬ ಹೆಂಗಸು ಹಂಪಿಗೆ ಬಂದಾಗ ಆ ಬಿಯರ್ ಕುಡಿದು, ಮಾಡಿದವರು ಯಾರು ಎಂದು ಹುಡುಕಿಕೊಂಡು ಹಿತ್ತಿಲಿಗೇ ಬಂದಿದ್ದಳು. ಆಕೆಯೂ ಅದೇ ಕಸುಬಿನವಳು. ಗೆಂಟ್ ಎಂಬ ಊರಿನಲ್ಲಿ ಸ್ವಂತ ಬಿಯರ್ ಘಟಕ ನಡೆಸುತ್ತಾಳೆ. ಅಲ್ಲಿ ಇಬ್ಬರು ತಯಾರಕರು ಕೂಡಿ ಒಂದು ಹೊಸ ಬಿಯರ್ ಮಾಡುವುದು ರೂಢಿಯಂತೆ. “ನೀವು ಜೋಳ ತನ್ನಿ, ನಾನು ಯೀಸ್ಟ್ ಕೊಡುತ್ತೇನೆ” ಎಂದಳು. ನೀಲಾಳ ತಮ್ಮನ ಯಲಬುರ್ಗಾದ ಹೊಲದ ಜೋಳವನ್ನೇ ಮಾಲ್ಟ್ ಮಾಡಿ, ಚೀಲ ಕಟ್ಟಿ, ಕಾಗದಪತ್ರ ಎಲ್ಲ ಮಾಡಿಸಿ ಹಡಗಿನಲ್ಲಿ ಮುಂಚೆಯೇ ಕಳಿಸಿದ್ದೆ. ನಮ್ಮ ಹೋಟೆಲಿನ ಮಾಲೀಕರಿಗೆ ಈ ಟ್ಯಾಂಕುಗಳ ಮೇಲೆ ಬೇಸರ ಬಂದು ವರ್ಷವಾಗಿತ್ತು. “ಈ ಸಲ ಹೆಸರು ಬಂತೋ ಸರಿ. ಇಲ್ಲಂದ್ರ ಆ ಜಾಗಾದಾಗ ಪಾರ್ಟಿ ಹಾಲ್ ಮಾಡಿಬಿಡೂಣ್ರಿ” ಎಂದು ನಗುತ್ತಲೇ ಹೇಳಿದ್ದರು. ಅವರು ನಗುತ್ತ ಹೇಳಿದ್ದನ್ನೆಲ್ಲ ಮಾಡಿ ತೋರಿಸಿದವರು.

ಕೊಪ್ಪಳದ ಡಾಕ್ಟರು ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿದರು. “ಬರ್ತೈತ್ರಿ. ಯಾವಾಗ ಅನ್ನೂದು ಮಾತ್ರ ಹೇಳಾಕ ಬರೂದಿಲ್ಲ.”

“ಲೀಸ್‌ಗೆ ಫೋನ್ ಮಾಡಿ ಇದ್ದದ್ದ ಇದ್ದಂಗ ಹೇಳಿಬಿಡ್ರಿ” ಎಂದಳು ನೀಲಾ.

“ಹೇಳಿದ್ರ ಬರಬ್ಯಾಡ ಅಂತಾಳ. ಅಲ್ಲಿಗೆ ಹೋಗೂದ್ರಾಗ ಬಂದಿರ್ತೈತಿ ಬಿಡು.”

ಲೀಸ್ ನಮ್ಮಿಬ್ಬರನ್ನೂ ಕರೆದಿದ್ದಳು. ನೀಲಾ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಾಳೆ. ಮದುವೆಯಾದಂದಿನಿಂದ ನನ್ನ ಕೆಲಸದ ಜಾಗಕ್ಕೆ ಒಮ್ಮೆಯೂ ಕಾಲಿಟ್ಟವಳಲ್ಲ. ನನ್ನ ಕೆಲಸದ ಬಟ್ಟೆಗಳನ್ನು ಬೇರೆಯಾಗಿ ನೆನೆಹಾಕುತ್ತಾಳೆ. ಬರಲು ಒಪ್ಪಿದಳು, ಆದರೆ ಒಂದು ಕರಾರಿನ ಮೇಲೆ: “ಬಿಯರ್ ಇರೋ ಕಡೆ ನಾ ಬರಂಗಿಲ್ಲ. ನೀವು ನಿಮ್ಮ ಕೆಲಸ ನೋಡ್ಕೊಳ್ರಿ, ನಾ ಊರು ನೋಡ್ತೀನಿ.”

ಬ್ರಸೆಲ್ಸ್

ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲವೊಂದನ್ನು ತೆರೆಸಿದರು. ರೊಟ್ಟಿಗೆ ಹಚ್ಚಿಕೊಳ್ಳಲೆಂದು ತಂದಿದ್ದ ಗುರೆಳ್ಳು ಹಿಂಡಿಯ ಡಬ್ಬಿ ಅಲ್ಲಿಯ ಅಧಿಕಾರಿಗೆ ಸಂಶಯ ತಂದಿತ್ತು. ಕರ್ರನೆಯ ಪುಡಿ, ಏನೆಂದು ತಿಳಿಯಬೇಕು? ಮುಚ್ಚಳ ತೆಗೆದು ಮೂಸಿದ. ಎರಡು ಹೆಜ್ಜೆ ಹಿಂದೆ ಸರಿದು ಸೀನಿದ. ಮತ್ತೆ ಹತ್ತಿರ ಬಂದು ಇನ್ನೊಮ್ಮೆ ಮೂಸಿ, ನಕ್ಕು, ಮುಚ್ಚಳ ಹಾಕಿ ಕೊಟ್ಟ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಗೆಂಟಿಗೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಹೊಸದೊಂದು ಹೆದರಿಕೆ ಶುರುವಾಯಿತು. ಹೊರಗೆ ಹಸಿರು ಬಯಲು, ದಪ್ಪ ದಪ್ಪ ದನಗಳು, ಸಣ್ಣಗೆ ಹನಿಯುವ ಮಳೆ. ಎಲ್ಲವೂ ಕಾಣುತ್ತಿತ್ತು, ಯಾವುದೂ ಹತ್ತಿರ ಬರುತ್ತಿರಲಿಲ್ಲ, ಟಿ.ವಿ. ನೋಡಿದಂತೆ. ಪರದೇಶವೊಂದು ನಮಗೆ ಮೊದಲು ಸಿಗುವುದು ಮೂಗಿಗೇ ಎಂಬುದು ಅದು ಇಲ್ಲವಾದಾಗ ತಿಳಿಯಿತು. ನೀಲಾಳನ್ನು ಕೇಳಿದೆ, “ಇಲ್ಲಿ ಏನ್ ವಾಸನಿ ಬರ್ತೈತಿ?”

ಅವಳು ಸ್ವಲ್ಪ ಯೋಚಿಸಿದಳು. “ಏನೂ ಇಲ್ರಿ. ತೊಳೆದಿಟ್ಟ ಪಾತ್ರಿ ಇದ್ದಂಗ ಐತಿ.”

ಗೆಂಟ್, ಮೊದಲ ದಿನ

ಊರ ನಡುವೆ ಕಾಲುವೆಗಳು, ಅವುಗಳ ದಂಡೆಯಲ್ಲಿ ಇಟ್ಟಿಗೆಯ ಹಳೆಯ ಮನೆಗಳು, ಕಾಲಿಗೆ ಅಡ್ಡಬರುವಷ್ಟು ಸೈಕಲ್ಲುಗಳು. ಕಾಲುವೆ ಎಂದರೆ ನನಗೆ ಗಂಗಾವತಿ ಕಡೆಯ ಕೆನ್ನೀರು, ಅದರಲ್ಲಿ ಎಮ್ಮೆ, ದಂಡೆಯ ಮೇಲೆ ಭತ್ತದ ಗದ್ದೆ. ಇಲ್ಲಿಯ ನೀರಿನಲ್ಲಿ ದೋಣಿಗಳು ಪ್ರವಾಸಿಗರನ್ನು ಹೊತ್ತು ತಿರುಗುತ್ತವೆ. ಮಳೆ ಬಂದರೆ ಯಾರೂ ಓಡುವುದಿಲ್ಲ. ಮಗುವನ್ನು ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡ ತಾಯಿಯೊಬ್ಬಳು ತೊಯ್ದು ತೊಪ್ಪೆಯಾಗಿ, ಹಾಡು ಗುನುಗುತ್ತ ಹೋದಳು. ನೀಲಾ ಬಹಳ ಹೊತ್ತು ಅವಳು ಹೋದ ದಿಕ್ಕಿಗೇ ನೋಡುತ್ತಿದ್ದಳು.

ಲೀಸ್‌ಳ ಘಟಕ ಹಳೆಯ ಬಟ್ಟೆ ಗಿರಣಿಯ ಒಂದು ಭಾಗದಲ್ಲಿತ್ತು. ಮಳೆ ಬಿಡದ ಕಾರಣ ನೀಲಾಳೂ ಒಳಗೆ ಬರಲೇಬೇಕಾಯಿತು; ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಳು. ಲೀಸ್ ಐವತ್ತರ ಆಸುಪಾಸಿನವಳು, ಎತ್ತರದ ಆಳು, ಮಾತು ಕಡಿಮೆ. ಅವಳ ಸಹಾಯಕ ಬಾರ್ಟ್ ಗಡ್ಡದವನು, ಎಲ್ಲದಕ್ಕೂ ನಗುವವನು. ಚಹಾ ಆದ ಮೇಲೆ ಲೀಸ್ ನೇರ ಚೀಲಗಳ ಹತ್ತಿರ ಕರೆದೊಯ್ದಳು. ನಮ್ಮ ಯಲಬುರ್ಗಾದ ಜೋಳ ಆ ಸ್ವಚ್ಛ ನೆಲದ ಮೇಲೆ ಸಾಲಾಗಿ ಕುಳಿತಿತ್ತು. ಒಂದು ಚೀಲದ ಬಾಯಿ ಬಿಚ್ಚಿ, ಬೊಗಸೆ ತುಂಬ ಎತ್ತಿ ನನ್ನ ಮುಖದ ಮುಂದೆ ಹಿಡಿದಳು.

“ಇದು ಹೀಗೇ ಇರಬೇಕಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ಬಗ್ಗಿದೆ. ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದೆ. ಗಾಳಿ ಬಂತು, ಮತ್ತೇನೂ ಬರಲಿಲ್ಲ.

“ಹೌದು. ಹೀಗೇ.”

ಹಿಂದಿನಿಂದ ನೀಲಾ ಬಂದು ಚೀಲದ ಮೇಲೆ ಬಾಗಿದ್ದನ್ನು ನಾನು ನೋಡಿರಲಿಲ್ಲ. “ರೀ, ಇದು ಹಗೇವಿನ ವಾಸನಿ” ಎಂದಳು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ನೀಲಾಳ ತವರಿನಲ್ಲಿ ಮೊದಲು ಅದಿತ್ತು. ವರ್ಷಕ್ಕೊಮ್ಮೆ ಬಾಯಿ ತೆರೆದಾಗ ಒಳಗಿನಿಂದ ಬರುವ ಮುಗ್ಗಲು ಗಾಳಿಗೆ ಹುಡುಗರು ಮೂಗು ಮುಚ್ಚಿಕೊಂಡು ಓಡುತ್ತಿದ್ದರಂತೆ. ಅಂದರೆ ಹಡಗಿನಲ್ಲಿ ಮಾಲ್ಟಿಗೆ ತೇವ ತಗುಲಿ ಬೂಸ್ಟು ಹಿಡಿಯಲು ಶುರುವಾಗಿತ್ತು.

“ಏನು ಹೇಳುತ್ತಿದ್ದಾರೆ?” ಎಂದಳು ಲೀಸ್.

“ಊರಿನ ನೆನಪಾಯಿತಂತೆ” ಎಂದೆ.

ಲೀಸ್ ನೀಲಾಳ ಕಡೆ ತಿರುಗಿ ಬಹಳ ಪ್ರೀತಿಯಿಂದ ನಕ್ಕಳು. ನೀಲಾಳಿಗೆ ಇಂಗ್ಲಿಷ್ ತಿಳಿಯುತ್ತದೆ, ಮಾತಾಡಲು ಮಾತ್ರ ಸಂಕೋಚ. ನನ್ನನ್ನೊಮ್ಮೆ ನೋಡಿ ಮತ್ತೆ ಬಾಗಿಲ ಹತ್ತಿರ ಹೋಗಿ ನಿಂತಳು.

ಅದೇ ಸಂಜೆ, ಕೋಣೆಯಲ್ಲಿ

ರೂಮಿಗೆ ಬಂದು ಬಾಗಿಲು ಹಾಕಿದ ಕೂಡಲೇ ನೀಲಾ ನನ್ನ ಕಡೆ ತಿರುಗಿದಳು.

“ನಾ ಹಂಗ ಅಂದ್ನೇನು?”

“ಚೀಲದ ವಾಸನಿ ಇರಬೇಕು ನೀಲಾ. ತಾಡಪತ್ರಿ ಹೊದಿಸಿದ್ರ ಹಂಗ ಬರ್ತೈತಿ.”

“ಜ್ವಾಳದ ವಾಸನಿ ಯಾವುದು, ಚೀಲದ ವಾಸನಿ ಯಾವುದು ನನಗ ತಿಳಿಯಂಗಿಲ್ಲೇನು? ನಿಮ್ಮ ಮರ್ಯಾದಿ ಉಳಿಸಿಕೊಳ್ಳಾಕ ಆಕಿ ಟ್ಯಾಂಕ್ ಕೆಡಿಸ್ತೀರೇನು?”

ನಾನು ಮಂಚದ ಮೇಲೆ ಕುಳಿತು ಎಲ್ಲ ಲೆಕ್ಕ ಹಾಕಿದೆ. ಹೇಳಿದರೆ ಲೀಸ್ ನಮ್ಮನ್ನು ವಾಪಸು ಕಳಿಸಬಹುದು. ಮಾಲೀಕರು ಟ್ಯಾಂಕು ಕೀಳಿಸಬಹುದು. ಈ ವಯಸ್ಸಿನಲ್ಲಿ ಮೂಗಿಲ್ಲದ ಬಿಯರಿನವನಿಗೆ ಯಾರು ಕೆಲಸ ಕೊಡುತ್ತಾರೆ? ಹೇಳದಿದ್ದರೆ ಬೂಸ್ಟಿನ ಜೋಳ ಕುದಿಯುತ್ತದೆ, ಅದನ್ನು ಜನ ಕುಡಿಯುತ್ತಾರೆ. ಮೂಗು ಬರದೇ ಹೋದರೆ ಎಂಬ ಮಾತನ್ನು ಮನಸ್ಸಿನಲ್ಲೂ ಪೂರ್ತಿ ಹೇಳಿಕೊಳ್ಳಲು ಧೈರ್ಯವಿರಲಿಲ್ಲ. ಕಿಟಕಿಯ ಕೆಳಗೆ ಯಾರೋ ಸೈಕಲ್ ಗಂಟೆ ಬಾರಿಸಿದರೂ ಬೆಚ್ಚುತ್ತಿದ್ದೆ.

ನೀಲಾ ಸೂಟ್‌ಕೇಸಿನಿಂದ ಕಟಕ್ ರೊಟ್ಟಿ ತೆಗೆದಳು. ನನಗೊಂದು ಕೊಟ್ಟು, ತಾನೊಂದು ಮುರಿದುಕೊಂಡಳು. “ನಾಳಿ ನಾನೂ ಬರ್ತೀನಿ. ಚೀಲ ಒಂದೊಂದ ಮೂಸಿ ನೋಡೂಣು.”

“ಬಿಯರ್ ಇರೋ ಕಡೆ ಬರಂಗಿಲ್ಲ ಅಂದಿದ್ದಿ.”

“ಜ್ವಾಳ ಇರೋ ಕಡೆ ಬರ್ತೀನಿ” ಎಂದಳು. “ಆದ್ರ ಆಕಿಗೆ ಹೇಳೂದು ನೀವ. ಅದನ್ನ ನಾ ಮಾಡಂಗಿಲ್ಲ.”

ಗೆಂಟ್, ಕುದಿಸುವ ದಿನ

ಮರುದಿನ ಬಾರ್ಟ್ ನೀರು ಕಾಯಿಸಲು ಇಟ್ಟಾಗಲೇ ನಾವು ಅಲ್ಲಿದ್ದೆವು. ಲೀಸ್ ಕೈಗವಸು ಹಾಕಿಕೊಳ್ಳುತ್ತಿದ್ದಳು. ಮಾತನ್ನು ಸುತ್ತಿ ಬಳಸಿ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎಲ್ಲ ಮರೆತುಹೋಯಿತು.

“ಲೀಸ್, ನನಗೆ ವಾಸನೆ ತಿಳಿಯುತ್ತಿಲ್ಲ. ಹೊರಡುವ ಮೊದಲೇ ಹೋಗಿತ್ತು. ನಿನ್ನೆ ನಾನು ಸುಳ್ಳು ಹೇಳಿದೆ. ಜೋಳ ಕೆಟ್ಟಿರಬಹುದು ಅಂತ ನೀಲಾ ಹೇಳಿದಳು.”

ಅವಳು ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚಿದಳು. ಬಾರ್ಟ್ ನಗುವುದನ್ನು ನಿಲ್ಲಿಸಿದ.

“ನಾನು ಜೋಳದ ಮಾಲ್ಟನ್ನು ಮೊದಲ ಸಲ ಮೂಸಿದ್ದೇ ನಿನ್ನೆ” ಎಂದಳು ಲೀಸ್. “ಏನೋ ವಿಚಿತ್ರವಾಗಿದೆ ಅನಿಸಿತು. ಜೋಳ ಇರುವುದೇ ಹೀಗೆ ಅಂದುಕೊಂಡೆ, ಯಾಕೆಂದರೆ ನೀವು ಹಾಗೆ ಹೇಳಿದಿರಿ. ನಾನು ಅದನ್ನು ಹಂಡೆಗೆ ಸುರಿಯುವುದನ್ನು ನೋಡುತ್ತ ನಿಲ್ಲುತ್ತಿದ್ದಿರಾ?”

“ಗೊತ್ತಿಲ್ಲ” ಎಂದೆ.

ಅವಳು ನನಗೆ ಬೆನ್ನು ಹಾಕಿ ನೀಲಾಳನ್ನು ಚೀಲಗಳ ಹತ್ತಿರ ಕರೆದುಕೊಂಡು ಹೋದಳು. ಇಬ್ಬರೂ ಒಂದೊಂದೇ ಚೀಲ ಬಿಚ್ಚಿ ಮೂಸಿದರು. ಮೊದಲು ನೀಲಾ, ಆಮೇಲೆ ಲೀಸ್. ನೀಲಾ ತಲೆ ಆಡಿಸಿದ ಚೀಲ ಒಂದು ಕಡೆಗೆ, ಕೈ ಅಡ್ಡ ಆಡಿಸಿದ್ದು ಇನ್ನೊಂದು ಕಡೆಗೆ. ಸಂಶಯ ಬಂದಲ್ಲಿ ಇಬ್ಬರೂ ಮತ್ತೆ ಮೂಸಿ, ಕಾಳನ್ನು ಬೆಳಕಿಗೆ ಹಿಡಿದು ನೋಡಿ ತೀರ್ಮಾನಿಸುತ್ತಿದ್ದರು. ಕೊನೆಗೆ ಅರ್ಧಕ್ಕೂ ಹೆಚ್ಚು ಚೀಲ ಒಳ್ಳೆಯದರ ಕಡೆ ನಿಂತವು. ಹಡಗಿನಲ್ಲಿ ಕಂಟೇನರಿನ ಗೋಡೆಗೆ ತಾಗಿ ಬಂದಿದ್ದ ಚೀಲಗಳಷ್ಟೇ ಕೆಟ್ಟಿರಬೇಕು. ಕಡಿಮೆ ಬಿದ್ದದ್ದಕ್ಕೆ ತನ್ನ ಬಾರ್ಲಿಯನ್ನು ಸೇರಿಸುವುದಾಗಿ ಲೀಸ್ ಬಾರ್ಟ್‌ಗೆ ಹೇಳಿದಳು. ನನಗಲ್ಲ.

ಆದರೆ ಜೋಳ ಬೇಯಿಸುವ ಕೆಲಸ ನನ್ನದೇ. ಬಾರ್ಲಿಯ ಹಾಗೆ ಅದು ಬಿಸಿನೀರಿಗೆ ಬಿದ್ದ ಕೂಡಲೇ ಮೆತ್ತಗಾಗುವುದಿಲ್ಲ. ಮೊದಲು ಬೇರೆಯಾಗಿ ಕುದಿಸಿ, ಆಮೇಲೆ ಬಾರ್ಲಿಯ ಜೊತೆ ಕೂಡಿಸಬೇಕು. ಹಂಡೆಯಲ್ಲಿ ಜೋಳ ಗಟ್ಟಿಯಾಗುತ್ತ ಬಂತು. ಬಾರ್ಟ್ ಉದ್ದನೆಯ ಹುಟ್ಟಿನಿಂದ ತಿರುವುತ್ತಿದ್ದ. ನಾನು ಉಷ್ಣಮಾಪಕದ ಮೇಲೆ ಕಣ್ಣಿಟ್ಟಿದ್ದೆ. ದೂರದ ಸ್ಟೂಲಿನ ಮೇಲೆ ಕುಳಿತಿದ್ದ ನೀಲಾ ಒಮ್ಮೆಲೇ ಎದ್ದಳು.

“ತಳಾ ಹತ್ತಾಕತ್ತೈತಿ! ತಿರುವ್ರಿ, ತಿರುವ್ರಿ!”

ಬಾರ್ಟ್‌ಗೆ ಕನ್ನಡ ತಿಳಿಯದಿದ್ದರೂ ಅವಸರ ತಿಳಿಯಿತು. ನಾನು ಬೆಂಕಿ ತಗ್ಗಿಸಿ ಬಿಸಿನೀರು ಬಿಟ್ಟೆ. ಅವನು ತಳ ಕೆರೆದು ತಿರುವಿದ. ಲೀಸ್ ಓಡಿಬಂದು ಬಗ್ಗಿ ಮೂಸಿದಳು. ಸದ್ಯ, ಹೊತ್ತುವ ಮೊದಲೇ ಹಿಡಿದಿದ್ದೆವು. ಬೆನ್ನು ಹಾಕಿದ ಮೇಲೆ ಅವಳು ನನ್ನ ಕಡೆ ನೋಡಿದ್ದು ಆಗಲೇ. “ನಿಮ್ಮ ಸ್ಟೂಲನ್ನು ಹತ್ತಿರ ಹಾಕಿಕೊಳ್ಳಿ” ಎಂದು ನೀಲಾಳಿಗೆ ಹೇಳಿದಳು. ನೀಲಾ ಹಂಡೆಯ ಪಕ್ಕಕ್ಕೆ ಬಂದಳು. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂಗಳನ್ನು ಹಾಕಿದಾಗ, ಕೇಳುವ ಮೊದಲೇ, “ಮಾವಿನಕಾಯಿ ಸೊನಿ ಇದ್ದಂಗ ಐತಿ. ಮ್ಯಾಲ ಸ್ವಲ್ಪ ನಿಂಬಿ ಎಲಿ” ಎಂದಳು. ನಾನು ಅದನ್ನು ಲೀಸ್‌ಗೆ ಅನುವಾದಿಸಿದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ.

ಗೆಂಟ್, ರುಚಿ ನೋಡುವ ಸಭೆ

ಯೀಸ್ಟ್ ಹಾಕಿದ ಮರುದಿನವೂ ಟ್ಯಾಂಕಿನ ಕೊಳವೆಯಿಂದ ಗುಳ್ಳೆ ಬರಲಿಲ್ಲ; ಅದು ಬಂದರೇ ಹುದುಗು ಶುರುವಾದ ಲೆಕ್ಕ. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದ್ದ ಆ ಕೊಳವೆಯ ಮುಂದೆ ನಾನು ಕುಕ್ಕರಗಾಲಿನಲ್ಲಿ ಕುಳಿತೇ ಇದ್ದೆ. ಬಾರ್ಟ್ ಎರಡು ಸಲ ಎಬ್ಬಿಸಿ ಕಾಫಿ ಕೊಟ್ಟ. ಕತ್ತಲಾಗುವ ಹೊತ್ತಿಗೆ ಒಂದು ಗುಳ್ಳೆ ಬಂತು. ಸ್ವಲ್ಪ ತಡೆದು ಇನ್ನೊಂದು. ಅಷ್ಟಾದರೂ ಎದೆಯ ಭಾರ ಇಳಿಯಲಿಲ್ಲ. ಕೊಳವೆಯೊಳಗಿಂದ ಏನು ವಾಸನೆ ಬರುತ್ತಿದೆಯೋ ನನಗೇನು ಗೊತ್ತು?

ವಾರದ ಕೊನೆಗೆ ಆ ಊರಿನ ದೊಡ್ಡ ಹಾಲೊಂದರಲ್ಲಿ ಬಿಯರ್ ತಯಾರಕರು ಸೇರಿದ್ದರು. ಬೇರೆ ಬೇರೆ ಊರಿನ ಇಬ್ಬಿಬ್ಬರು ಕೂಡಿ ಮಾಡಿದ ಬಿಯರ್‌ಗಳನ್ನು ಬಂದವರಿಗೆಲ್ಲ ಬೆರಳೆರಡರಷ್ಟು ಸುರಿದು ಕೊಡುತ್ತಾರೆ. ನಮ್ಮದು ಇನ್ನೂ ಟ್ಯಾಂಕಿನಲ್ಲೇ ಇತ್ತು. ಒಂದೊಂದು ಬಿಯರಿಗೆ ಒಂದೊಂದು ಆಕಾರದ ಗ್ಲಾಸು. ತಪ್ಪು ಗ್ಲಾಸಿನಲ್ಲಿ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ನೀಲಾ ಬರುವುದಿಲ್ಲವೆಂದು ಹಟ ಹಿಡಿದಿದ್ದಳು, ಲೀಸ್ ಕೈಹಿಡಿದು ಕರೆತಂದಳು. ಬಂದವಳಿಗೆ ಆಶ್ಚರ್ಯ ಮುಗಿಯಲಿಲ್ಲ. ನಮ್ಮಲ್ಲಿ ಬಾರಿಗೆ ಪರದೆ, ಬಾಟಲಿಗೆ ಕಪ್ಪು ಚೀಲ. ಇಲ್ಲಿ ಅಜ್ಜಿಯೊಬ್ಬಳು ನಾಯಿಯನ್ನು ಕಾಲ ಹತ್ತಿರ ಮಲಗಿಸಿಕೊಂಡು ಗ್ಲಾಸು ಮುಂದಿಟ್ಟುಕೊಂಡು ಹೆಣಿಗೆ ಹಾಕುತ್ತಿದ್ದಾಳೆ. ತಳ್ಳುಗಾಡಿಯಲ್ಲಿ ಕೂಸು ಮಲಗಿದೆ. “ಯಾರೂ ಜಗಳಾನ ಮಾಡವಲ್ರಲ್ರಿ” ಎಂದು ನನ್ನ ಕಿವಿಯಲ್ಲಿ ಹೇಳಿದಳು.

ನಮ್ಮ ಒಪ್ಪಂದ ಹೀಗಿತ್ತು: ನಾನು ಗ್ಲಾಸು ತೆಗೆದುಕೊಳ್ಳುವುದು, ಅವಳು ಮೂಸಿ ಕನ್ನಡದಲ್ಲಿ ಹೇಳುವುದು, ನಾನು ಕುಡಿದು ಇಂಗ್ಲಿಷಿನಲ್ಲಿ ಮಾತಾಡುವುದು. “ಹಣ್ಣಾದ ಬಾಳಿಹಣ್ಣು.” “ಹೊಗಿ. ಬದ್ನಿಕಾಯಿ ಸುಟ್ಟಂಗ.” “ಇದು ಬ್ಯಾಡ್ರಿ, ಹುಳಿ ಮಜ್ಜಿಗಿ.” ಆ ಹುಳಿಯೇ ಅದರ ಹೆಚ್ಚುಗಾರಿಕೆ, ಅದನ್ನು ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟು ಬರಿಸುತ್ತಾರೆ ಎಂದರೆ ನಂಬಲಿಲ್ಲ.

ಅಷ್ಟರಲ್ಲಿ ಕ್ಯಾಮೆರಾ ಹಿಡಿದ ತರುಣನೊಬ್ಬ ಪಕ್ಕಕ್ಕೆ ಬಂದು ಫೋಟೋ ತೆಗೆದ. ಇಳಕಲ್ ಸೀರೆ, ಹಣೆಗೆ ಕುಂಕುಮ, ಗ್ಲಾಸಿನೊಳಗೆ ಮೂಗು. ನೀಲಾ ಬಿಳುಚಿಕೊಂಡಳು. “ರೀ, ಅದು ಫೋನ್ನ್ಯಾಗ ಬಂದ್ರ? ನಮ್ಮ ಸಾಲಿಯವರು ನೋಡಿದ್ರ? ನಮ್ಮವ್ವ ನೋಡಿದ್ರ ಏನಂತಾಳ?” ನಾನು ಏನೋ ಹೇಳುವ ಮೊದಲೇ ಅವನ ಹಿಂದೆ ಓಡಿದಳು. ಆ ಗದ್ದಲದಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಅವಳು ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇತ್ತ ನನ್ನ ಮುಂದೆ ಒಬ್ಬ ಹಿರಿಯ ಬಿಯರಿನವನು ತನ್ನ ಗ್ಲಾಸು ಇಟ್ಟು, “ಹೇಗಿದೆ, ಹೇಳಿ” ಎಂದ. ಅನುವಾದಕಿ ಇಲ್ಲ. ಕುಡಿದೆ. ಕಹಿ, ಸ್ವಲ್ಪ ಸಿಹಿ, ನಾಲಿಗೆಯ ಮೇಲೆ ಗುಳ್ಳೆ. ಒಂದು ಕ್ಷಣ ಹಳೆಯ ಚಾಳಿ ಬಾಯಿಯ ತುದಿಗೆ ಬಂತು. ತಡೆದು, “ನನ್ನ ಮೂಗು ಸದ್ಯಕ್ಕೆ ಸತ್ತಿದೆ” ಎಂದೆ. ಅವನು ಸುತ್ತಲಿನವರನ್ನೆಲ್ಲ ಕರೆದ. ನಾನು ಹೆದರಿದ ಹಾಗೆ ಯಾರೂ ನಗಲಿಲ್ಲ. ಒಬ್ಬೊಬ್ಬರೂ ಒಂದೊಂದು ಔಷಧ ಹೇಳತೊಡಗಿದರು. ಆ ಊರಿನ ಸಾಸಿವೆ ಗೊಜ್ಜು ಭಾರಿ ಖಾರ. ಒಬ್ಬಳು ಚಮಚ ತುಂಬ ತಿನ್ನಿಸಿದಳು. ನೆತ್ತಿಗೆ ಏರಿ ಕಣ್ಣಲ್ಲಿ ದಳದಳ ನೀರು. “ಬಂತಾ? ಬಂತಾ?” ಎಂದು ಎಲ್ಲರೂ ನನ್ನ ಮುಖ ನೋಡಿದರು. ಬರಲಿಲ್ಲ. ನನಗಿಂತ ಹೆಚ್ಚು ಅವರಿಗೇ ನಿರಾಸೆಯಾಯಿತು.

ನೀಲಾ ತಿರುಗಿ ಬಂದಳು. ಆ ತರುಣ ಕ್ಷಮೆ ಕೇಳಿ ಅವಳ ಕಣ್ಣೆದುರಿಗೇ ಫೋಟೋ ಅಳಿಸಿದ್ದ. ರೂಮಿಗೆ ಹೋಗುವ ದಾರಿಯಲ್ಲಿ, “ಫೋಟೋ ಮಾತ್ರ ಛಲೋ ಬಂದಿತ್ರಿ” ಎಂದಳು.

ಗೆಂಟ್, ಹೊರಡುವ ದಿನ

ಕೊಪ್ಪಳಕ್ಕೆ ವಾಪಸು ಬಂದು ಈಗ ಕೆಲವು ತಿಂಗಳಾದವು. ಮೂಗು ಅರ್ಧ ಬಂದಿದೆ. ಒಗ್ಗರಣೆ ತಿಳಿಯುತ್ತದೆ, ಮಲ್ಲಿಗೆ ಇನ್ನೂ ಇಲ್ಲ. ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. “ಸದ್ಯಕ್ಕ ನಡೀಲಿ ಬಿಡ್ರಿ” ಎಂದರು. ಆ ಸದ್ಯದ ಮೇಲೆಯೇ ದಿನಗಳು ಹೋಗುತ್ತಿವೆ. ಆದರೆ ನನಗೆ ಹೇಳಬೇಕಾದದ್ದು ಹೊರಡುವ ದಿನದ ಸಂಗತಿ.

ಅಂದು ಟ್ಯಾಂಕಿನಿಂದ ಎಳೆಯ ಬಿಯರ್ ತೆಗೆದು ನೋಡುವುದಿತ್ತು. ಚೀಲಗಳಲ್ಲಿ ಮುಗ್ಗಲು ಎಲ್ಲಿಯಾದರೂ ತಪ್ಪಿಸಿಕೊಂಡಿದ್ದರೆ ಆಗ ತಿಳಿಯುತ್ತದೆ. ಟ್ಯಾಂಕು ಚರಂಡಿಗೆ ಬಿಡಬೇಕಾದರೆ ಆ ಸದ್ದನ್ನು ಕೇಳಿಸಿಕೊಂಡೇ ವಿಮಾನ ಹತ್ತಬೇಕಲ್ಲ ಎಂದು ನನಗೆ ತಿಂಡಿ ಇಳಿಯಲಿಲ್ಲ.

ಲೀಸ್ ನಲ್ಲಿ ತಿರುಗಿಸಿದಳು. ಗ್ಲಾಸಿನಲ್ಲಿ ಮಸುಕು ಮಸುಕಾದ ಹಳದಿ. ತಾನು ಮೂಸಲಿಲ್ಲ. ನನಗೂ ಕೊಡಲಿಲ್ಲ. “ಮುಂದಿನ ಸಲ ಹೊರಡುವ ಮೊದಲು ಫೋನ್ ಮಾಡಿ” ಎಂದಳು.

“ಬರಬೇಡಿ ಅನ್ನುತ್ತಿದ್ದಿರಾ?”

“ಇಲ್ಲ. ಮೊದಲು ಇವರ ಟಿಕೆಟ್ ತೆಗೆಸಿ ಅನ್ನುತ್ತಿದ್ದೆ” ಎಂದು ಗ್ಲಾಸನ್ನು ನೀಲಾಳ ಕೈಗೆ ಕೊಟ್ಟಳು.

ನೀಲಾ ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಗ್ಲಾಸು ಅಲ್ಲಾಡಿಸಿ ಮತ್ತೆ ಮೂಸಿದಳು. ಬಾರ್ಟ್ ನನ್ನ ಭುಜದ ಮೇಲೆ ಕೈಯಿಟ್ಟಿದ್ದ.

“ಹಾಲಗಾಳಿನ ಜ್ವಾಳದ ತೆನಿ ಸುಟ್ಟು ಸೀತನಿ ಮಾಡ್ತಾರಲ್ರಿ, ಅದನ್ನ ಅಂಗೈಯಾಗ ತಿಕ್ಕಿದಾಗ ಬರೂ ವಾಸನಿ” ಎಂದಳು ನಿಧಾನವಾಗಿ. “ಹಿಂದ ಒಂದು ಹಣ್ಣಿನ ವಾಸನಿ ಐತಿ, ಯಾವುದೋ ಗೊತ್ತಾಗವಲ್ದು. ಮುಗ್ಗಲು ಇಲ್ಲ. ಇಲ್ಲವೇ ಇಲ್ಲ.”

ನಾನು ಅನುವಾದಿಸಲು ಬಾಯಿ ತೆರೆಯುವ ಮೊದಲೇ ಲೀಸ್ ನೀಲಾಳ ಮುಖ ನೋಡಿಯೇ ತಿಳಿದುಕೊಂಡಳು.

ನೀಲಾ ಸೆರಗಿನಿಂದ ಗ್ಲಾಸಿನ ಅಂಚು ಒರೆಸಿ, ನನ್ನ ಕೈಗಿಟ್ಟಳು.

“ಛಲೋ ಆಗೇತಿ. ಕುಡೀರಿ.”

ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನನಗೆ ಬರೀ ಕಹಿ ತಿಳಿಯಿತು, ತುದಿಯಲ್ಲಿ ಒಂದಿಷ್ಟು ಸಿಹಿ. ಮಿಕ್ಕದ್ದನ್ನೆಲ್ಲ ಅವಳ ಮಾತಿನ ಮೇಲೆ ನಂಬಿ, ತಳ ಕಾಣುವವರೆಗೂ ಕುಡಿದೆ.